ಒಂದು ಹೆಬ್ಬೆಟ್ಟಿಗೆ ಇಪ್ಪತ್ತಾರು ಹೊಲ

ನನ್ನ ಮೇಜಿನ ಮೇಲಿದ್ದ ಕಾಗದವನ್ನು ನಂಬುವುದಾದರೆ, ಅರಕಲಗೂಡು ತಾಲ್ಲೂಕಿನ ಒಬ್ಬ ಹೆಂಗಸು ತನ್ನ ಎರಡು ಎಕರೆ ಮುಸುಕಿನ ಜೋಳಕ್ಕೆ ಒಂದೇ ಹಂಗಾಮಿನಲ್ಲಿ ಮೂರು ಸಾವಿರದ ಆರುನೂರ ನಲವತ್ತೈದು ಕಿಲೋ ಯೂರಿಯಾ ಹಾಕಿದ್ದಳು. ಅಷ್ಟು ಹಾಕಿದರೆ ಜೋಳ ಬರುವುದಿಲ್ಲ, ಹೊಲವೇ ಸುಟ್ಟುಹೋಗುತ್ತದೆ. ಆದರೆ ಅದೇ ಕಾಗದದ ಪಕ್ಕದ ಕಾಲಮಿನಲ್ಲಿ ಆಕೆಗೆ ಒಳ್ಳೆಯ ಬೆಳೆ ಬಂದಿದೆ ಎಂದು ನಾನೇ ದುಂಡಗೆ ಬರೆದಿದ್ದೆ, ಕೆಳಗೆ ‘ಪರಿಶೀಲಿಸಿದೆ’ ಎಂದು ರುಜು ಹಾಕಿದ್ದೆ. ಆ ಪಟ್ಟಿಯ ಪ್ರತಿ ಹಿಂದಿನ ವಾರವೇ ಕಚೇರಿಯಿಂದ ಹೊರಟುಹೋಗಿತ್ತು. ಈಗ ಅದಕ್ಕೆ ಬಂದ ಉತ್ತರ ನನ್ನ ಕೈಯಲ್ಲಿತ್ತು.

ಸದರಿ ಪಟ್ಟಿ ಹುಟ್ಟಿದ ಬಗೆಯನ್ನು ನಿವೇದಿಸಿಕೊಳ್ಳಬೇಕು. ಹಸು ತಿನ್ನುವ ಮೇವನ್ನು ಬೆಳೆಯುವುದರಿಂದ ನೆಲ, ನೀರು, ಗಾಳಿಗಳ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂದು ಅಳೆಯುವ ಶಾಸ್ತ್ರವೊಂದಿದೆ. ಅದರ ದತ್ತಾಂಶ ಕೋಶಗಳಲ್ಲಿ ನಮ್ಮ ಸೀಮೆಗೆ ಪ್ರತ್ಯೇಕ ಅಂಕಿ ಇರಲಿಲ್ಲ. ಎಲ್ಲಿಯದೋ ಮುಸುಕಿನ ಜೋಳದ ಅಂಕಿಯನ್ನೇ ಚನ್ನರಾಯಪಟ್ಟಣದ ಕಡೆಯ ಬಾಗೂರಿನ ಜೋಳಕ್ಕೂ ಹೊದಿಸಿ ಕೂರಿಸಿದ್ದರು. ಈ ಅನ್ಯಾಯವನ್ನು ಸರಿಪಡಿಸಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ತಾಲ್ಲೂಕುಗಳಿಗೆ ಅವವುಗಳದೇ ಅಂಕಿಯನ್ನು ದಯಪಾಲಿಸುವ ಲೋಕೋಪಕಾರಕ್ಕೆ ಐದು ಜನರ ತಂಡವೊಂದು ನೇಮಕವಾಗಿತ್ತು. ಹಾಸನದಲ್ಲಿ ಟೈರಿನ ಅಂಗಡಿಯ ಮೇಲಿನ ಎರಡು ಕೋಣೆ ನಮ್ಮ ಕಚೇರಿ. ಮುಖ್ಯಸ್ಥೆ ನನ್ನ ಮಗಳಿಗಿಂತ ಚಿಕ್ಕವರು, ದೊಡ್ಡ ಓದು ಓದಿದವರು. ನಾನು ಪರಿಶೀಲಕ. ಅಂದರೆ, ಬೇರೆಯವರು ಬಿಸಿಲಲ್ಲಿ ತಿರುಗಿ ತಂದ ಅಂಕಿಗಳನ್ನು ಫ್ಯಾನಿನ ಕೆಳಗೆ ಕೂತು ಅನುಮಾನಿಸುವವನು.

ಎಷ್ಟು ಸಲ ಟ್ರ್ಯಾಕ್ಟರ್ ಉಳುಮೆ, ಎಷ್ಟು ಲೀಟರ್ ಡೀಸೆಲ್, ಕೊಳವೆಬಾವಿಯ ಮೋಟಾರು ಎಷ್ಟು ಗಂಟೆ ಓಡಿತು, ಕಾಳಿನಲ್ಲಿ ತೇವ ಎಷ್ಟು, ಗೊಬ್ಬರ ಎಷ್ಟು: ಇವೆಲ್ಲ ನಮ್ಮ ಪ್ರಶ್ನೆಗಳು. ಇವುಗಳಲ್ಲಿ ಯೂರಿಯಾದ್ದೇ ದರ್ಬಾರು. ಮಣ್ಣಿಗೆ ಬಿದ್ದ ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಮೇಲೆದ್ದು ಭೂಮಿಯನ್ನು ಬಿಸಿ ಮಾಡುತ್ತದೆ. ಯೂರಿಯಾ ತಪ್ಪಿದರೆ ಎಲ್ಲವೂ ತಪ್ಪಿದಂತೆ. ಅದನ್ನು ಕೇಳಿದರೆ ರೈತರು ಕೊಡುವ ಉತ್ತರವೋ, “ಆಕಿವ್ನಿ ಸಾ, ಒಂದೆಲ್ಡ್ ಮೂಟೆ.” ಹಾಸನದ ಪಕ್ಕದ ಸಾಲಗಾಮೆಯಲ್ಲಿ ಒಂದೆರಡು, ಬಾಗೂರಿನಲ್ಲಿ ಒಂದೆರಡು. ಅರ್ಧ ಎಕರೆಯವನಿಗೂ ಐದು ಎಕರೆಯವನಿಗೂ ಒಂದೆರಡು.

ಆಗ ನನಗೊಂದು ಬುದ್ಧಿ ಹೊಳೆಯಿತು. ಗೊಬ್ಬರದಂಗಡಿಯಲ್ಲಿ ಒಂದು ಯಂತ್ರ ಇರುತ್ತದೆ. ಆಧಾರ್ ನಂಬರು ಹೇಳಿ ಗಾಜಿನ ಮೇಲೆ ಹೆಬ್ಬೆರಳು ಒತ್ತಿದರೆ, ಯಾರು ಎಷ್ಟು ಕಿಲೋ ಕೊಂಡರು ಎಂದು ಅದು ಬರೆದುಕೊಂಡು ಚೀಟಿ ಕೊಡುತ್ತದೆ. “ಮನುಷ್ಯನ ಬಾಯಿಯನ್ನು ಯಾಕೆ ನಂಬಬೇಕು? ಯಂತ್ರವನ್ನು ಕೇಳೋಣ,” ಎಂದು ನಾನು ಸಭೆಯಲ್ಲಿ ಗಂಭೀರವಾಗಿ ಮಂಡಿಸಿದೆ. ಎಲ್ಲರೂ ಮೆಚ್ಚಿದರು. ಅಂಗಡಿಗಳಿಂದ ಪಟ್ಟಿ ಬಂತು. ಬಂದ ಪಟ್ಟಿಯಲ್ಲಿ ಎಷ್ಟೋ ರೈತರ ಹೆಸರಿನ ಮುಂದೆ ಸೊನ್ನೆ ಇತ್ತು. ಯೂರಿಯಾ ಇಲ್ಲದೆ ಮುಸುಕಿನ ಜೋಳ ಬೆಳೆಯುವವರು ಈ ಸೀಮೆಯಲ್ಲಿ ಹುಟ್ಟಿಲ್ಲ. ಆದ್ದರಿಂದ ಸೊನ್ನೆ ಎಂದರೆ ದಾಖಲೆ ಕಳೆದಿದೆ ಎಂದರ್ಥ, ಎಂದು ತೀರ್ಪು ಕೊಟ್ಟೆ. ಸೊನ್ನೆಗಳನ್ನೆಲ್ಲ ಒಟ್ಟಿಗೆ ಅಳಿಸುವ ವಿದ್ಯೆಯನ್ನು ಕಂಪ್ಯೂಟರಿನಲ್ಲಿ ಆಗಷ್ಟೇ ಕಲಿತಿದ್ದೆ. ಹೊಸ ಕತ್ತಿ ಕೊಂಡವನ ಉತ್ಸಾಹ. ಅಳಿಸಿದೆ.

ಪಟ್ಟಿಯನ್ನು ತಪಾಸಣೆ ಮಾಡುವ ಸರ್ಕಾರಿ ಸಮಿತಿಯಿಂದ ಬಂದ ಉತ್ತರ ಎರಡೇ ಸಾಲಿನದು. ಸದರಿ ಮಹಿಳೆಯ ಖರೀದಿ ಅಸಹಜವಾಗಿದೆ, ಒಂಬತ್ತು ದಿನಗಳೊಳಗೆ ವಿವರಣೆ ಕೊಡಿ, ಇಲ್ಲವಾದರೆ ಹೆಸರನ್ನು ಸ್ಥಳ ತನಿಖೆಗೆ ಕಳುಹಿಸಲಾಗುವುದು.

ಅದು ಯೂರಿಯಾ ಸಿಗದೆ ಜನ ಅಂಗಡಿ ಮುಂದೆ ಚಪ್ಪಲಿ ಸಾಲಿಟ್ಟು ಕಾಯುತ್ತಿದ್ದ ವರ್ಷ. ಸಬ್ಸಿಡಿ ಗೊಬ್ಬರ ಬೇರೆ ಕಡೆ ಸಾಗುತ್ತಿದೆ ಎಂಬ ಸಂಶಯದಲ್ಲಿ, ಹೆಚ್ಚು ಕೊಂಡವರ ಮನೆ ಬಾಗಿಲಿಗೆ ಜೀಪು ಹೋಗುತ್ತಿತ್ತು. ಅಂಥ ಕಾಲದಲ್ಲಿ, ನಾನು ಮುಖ ನೋಡಿಲ್ಲದ ಒಬ್ಬ ಹೆಂಗಸಿನ ಹೆಸರು, ಊರು, ಸರ್ವೆ ನಂಬರುಗಳನ್ನು ನನ್ನ ರುಜುವಿನ ಜೊತೆ ಲಕೋಟೆಗೆ ಹಾಕಿ ಕೊಟ್ಟಿದ್ದೆ. ಮಧ್ಯಾಹ್ನದ ಊಟ ಬಿಚ್ಚಿದವನು ಹಾಗೆಯೇ ಮುಚ್ಚಿದೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅರಕಲಗೂಡಿಗೆ ಹೋದೆ. ಅಲ್ಲಿಂದ ರುದ್ರಪಟ್ಟಣದ ಕಡೆಗೆ ಆಟೋ. ಆಕೆಯ ಊರಿನ ಗೊಬ್ಬರದಂಗಡಿಯ ಮಾಲೀಕರು ವಿಭೂತಿ ಧರಿಸಿದ, ಅಳೆದು ಮಾತಾಡುವ ಹಿರಿಯರು. ನಾನು ಆ ಹೆಂಗಸಿನ ಹೆಸರೆತ್ತಿದ ಕೂಡಲೇ ಅವರು ಲೋಟದ ಕಾಫಿಯನ್ನು ಕೆಳಗಿಟ್ಟರು.

“ಯಾಕೆ ಸಾ? ಜೀಪು ಬತ್ತದಾ?”

“ಇನ್ನೂ ಇಲ್ಲ.”

“ಇನ್ನೂ ಇಲ್ಲ ಅಂದ್ರೆ ಬತ್ತದೆ ಅಂತ.” ಅವರು ಬಾಗಿಲ ಕಡೆ ನೋಡಿದರು. “ನಾನು ನಂಬರ್ ಒಂದ್ ವ್ಯಾಪಾರ ಮಾಡೋನು. ಯಂತ್ರ ಒಪ್ದೆ ಒಂದ್ ಕಾಳು ಕೊಟ್ಟಿಲ್ಲ. ಆಯಮ್ಮನ ಎಬ್ಬೆಟ್ಟ ಅದು ಒಪ್ತು, ನಾನ್ ಕೊಟ್ಟೆ. ಅಷ್ಟೇಯ.”

“ಮಿಕ್ಕವರ ಹೆಬ್ಬೆಟ್ಟು?”

ಅವರು ಯಂತ್ರವನ್ನು ನನ್ನ ಕಡೆ ತಿರುಗಿಸಿದರು. ಆ ಹೊತ್ತಿಗೆ ಕಳೆನಾಶಕ ಕೊಳ್ಳಲು ಬಂದಿದ್ದ ರೈತನೊಬ್ಬನನ್ನು ಕರೆದು, “ಲೇ, ಇಲ್ಲಿ ಒಸಿ ಒತ್ಲಾ, ಸಾಹೇಬ್ರು ನೋಡ್ಲಿ,” ಎಂದರು. ಅವನು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡು ಗಾಜಿನ ಮೇಲಿಟ್ಟ. ಯಂತ್ರ ಕೆಂಪು ದೀಪ ತೋರಿಸಿತು. ಮತ್ತೆ ಒತ್ತಿದ. ಕೆಂಪು. ಎಡಗೈಯದು ಇಟ್ಟ. ಕೆಂಪು.

“ಹೊಗೆಸೊಪ್ಪು ಸಾ,” ಎಂದ ರೈತ, ತಪ್ಪು ತನ್ನದೇ ಎಂಬಂತೆ. “ಎಲೆ ಮುರ್ದು ಮುರ್ದು ಅಂಟು ಇಡ್ಕತದೆ. ಸೋಪಲ್ಲ, ಸೀಮೆಎಣ್ಣೇಲಿ ತೊಳುದ್ರೂ ಓಗಕಿಲ್ಲ. ಉಜ್ಜಿ ಉಜ್ಜಿ ಗೆರೆನೇ ಸವ್ದೋಗವೆ.”

ಹೊಗೆಸೊಪ್ಪಿನ ಎಲೆ ಮುರಿಯುವ ಕಾಲವೂ ಜೋಳಕ್ಕೆ ಯೂರಿಯಾ ಎರಚುವ ಕಾಲವೂ ಒಂದೇ. ಇದು ನನಗೆ ಗೊತ್ತಿರಬೇಕಿತ್ತು. ಚನ್ನರಾಯಪಟ್ಟಣದ ಕಡೆ ತೆಂಗು, ರಾಗಿಯವರ ಬೆರಳುಗಳನ್ನು ಯಂತ್ರ ಒಪ್ಪಿತ್ತು. ಹೊಗೆಸೊಪ್ಪಿನವರನ್ನು ಅದು ಒಬ್ಬೊಬ್ಬರಾಗಿ ತಳ್ಳಿಹಾಕಿತ್ತು. ಯಂತ್ರ ತಳ್ಳಿದವರನ್ನು ಸೊನ್ನೆ ಎಂದು ಅಳಿಸಿದವನು ನಾನು.

ಆಕೆಯ ಮನೆ ಬೀದಿಯ ಕೊನೆಗಿತ್ತು. ಜಗಲಿಯ ಮೇಲೆ ಹೊಲಿಗೆ ಯಂತ್ರ, ಗೋಡೆಗೆ ಅರ್ಧ ಹೊಲಿದ ರವಿಕೆಗಳು. ಆಕೆ ಹೊಲಿಗೆಯವಳು. ಅದಕ್ಕೇ ಬೆರಳು ಮೆತ್ತಗೆ, ಗೆರೆ ಸ್ಪಷ್ಟ. ಗಂಡ ಲಾರಿ ಓಡಿಸುತ್ತಾನೆ. ನನ್ನ ಕೈಚೀಲ, ಕನ್ನಡಕ, ಜೇಬಿನ ಎರಡು ಪೆನ್ನುಗಳನ್ನು ನೋಡಿದ್ದೇ ಆಕೆ ಪೆಡಲಿನ ಮೇಲಿಂದ ಕಾಲು ತೆಗೆದಳು.

“ಪೋಲೀಸ್ನೋರಾ?”

“ಅಲ್ಲಮ್ಮ. ಜೋಳದ ಸರ್ವೆ ಮಾಡ್ತೀವಲ್ಲ, ಅದರವನು.”

“ಓದ್ ಸಲ ಬಂದೋರು ಅಸ ಎಷ್ಟು ಅಂತ ಕೇಳುದ್ರು, ಯೋಳ್ದೆ. ಮ್ವಾಟ್ರು ಎಷ್ಟು ಒತ್ತು ಓಡ್ತದೆ ಅಂದ್ರು, ಯೋಳ್ದೆ. ಈಗ ಇನ್ನೇನು?”

ನಾನು ಕಾಗದ ತೆಗೆದು ವಿಷಯ ಹೇಳಿದೆ. ಹೇಳದೆ ಇರಬಹುದಾಗಿತ್ತು. ಆದರೆ ಆಕೆಯ ಹೆಸರು ಆಕೆಗೆ ಗೊತ್ತಿಲ್ಲದೆ ಊರೂರು ತಿರುಗುತ್ತಿತ್ತು. ಅದನ್ನು ಮುಚ್ಚಿಡುವ ಧೈರ್ಯ ನನಗೆ ಇರಲಿಲ್ಲ. ಆಕೆ ಕಾಗದದಲ್ಲಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಬೀದಿಯ ನಾಲ್ಕೈದು ಜನ ಜಗಲಿಯ ಕೆಳಗೆ ಸೇರಿದ್ದರು.

“ನಾನೇನ್ ಕದ್ದಿವ್ನಾ?” ಎಂದಳು ಕೊನೆಗೆ. “ಈ ಬೀದೀಲಿ ಯಾರ್ ಎಬ್ಬೆಟ್ಟೂ ಓಡಲ್ಲ, ನಂದ್ ಓಡ್ತದೆ. ಅವ್ರ ಮೂಟೆನೂ ನಾನೇ ಎತ್ಕಂಡ್ ಬತ್ತೀನಿ. ನನ್ ವಲ ಅವ್ರು ಉಳ್ತಾರೆ. ಇದ್ರಾಗೆ ಏನ್ ತಪ್ಪದೆ?”

ಕೆಳಗಿದ್ದ ಮುದುಕಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವಳ್ ಬೆಳ್ಳ ಲಾಕ್ ಮಾಡ್ಬುಟ್ರೆ ಮುಂದ್ಲೊರ್ಸ ಗೊಬ್ಬರ ನೀ ತಂದ್ಕೊಡ್ತೀಯೇನಪ್ಪಾ?” ಎಂದಳು.

ಪ್ರಶ್ನೆ ಅತ್ಯಂತ ವೈಜ್ಞಾನಿಕವಾಗಿತ್ತು. ಪಕ್ಕದ ಹೋಬಳಿಯಲ್ಲಿ ಒಬ್ಬನ ಖರೀದಿಯನ್ನು ತನಿಖೆ ಮುಗಿಯುವವರೆಗೆ ತಡೆಹಿಡಿದಿದ್ದಾರೆ ಎಂದು ಅಂಗಡಿಯವರು ಹೇಳಿದ್ದರು. ಇವಳೊಬ್ಬಳ ಬೆರಳು ನಿಂತರೆ ಇಡೀ ಬೀದಿಯ ಇಪ್ಪತ್ತಾರು ಹೊಲಕ್ಕೆ ಯೂರಿಯಾ ನಿಂತಂತೆ.

ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ ದಾರಿಗಳನ್ನು ಎಣಿಸಿದೆ. ಸುಮ್ಮನಿದ್ದರೆ ತನಿಖೆ. ನಿಜ ಬರೆದರೆ, ಇವಳು ಇಪ್ಪತ್ತೈದು ಮನೆಯವರ ಗೊಬ್ಬರವನ್ನು ತನ್ನ ಹೆಸರಿನಲ್ಲಿ ಎತ್ತಿದ್ದಾಳೆ ಎಂದು ನಾನೇ ಸಾಕ್ಷಿ ನುಡಿದಂತೆ. ಪಟ್ಟಿಯಿಂದ ಆಕೆಯ ಸಾಲನ್ನೇ ಅಳಿಸಿದರೆ, ಸಮಿತಿ ಆಗಲೇ ನೋಡಿದ್ದನ್ನು ಅಳಿಸಿದ್ದೇಕೆ ಎಂದು ಮೊದಲು ಅವಳನ್ನೇ ಕೇಳುತ್ತಾರೆ. ಮೂರು ದಾರಿಯೂ ಅದೇ ಜಗಲಿಗೆ ಹೋಗಿ ನಿಲ್ಲುತ್ತಿದ್ದವು.

ಮರುದಿನ ಮುಖ್ಯಸ್ಥೆಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

“ಯಂತ್ರ ಸುಳ್ಳು ಹೇಳಲ್ಲ ಅಂದಿದ್ದು ನೀವೇ ಅಲ್ವಾ ಸರ್?”

“ಅದು ಸುಳ್ಳು ಹೇಳಿಲ್ಲ. ಯಾರು ಕೊಂಡರು ಅಂತ ಸರಿಯಾಗೇ ಹೇಳಿದೆ. ಯಾರು ಹಾಕಿದರು ಅಂತ ನಾನು ಅದರ ಬಾಯಲ್ಲಿ ತುರುಕಿದೆ.”

“ಈಗ?”

ಬಸ್ಸಿನಲ್ಲಿ ಹೊಳೆದದ್ದನ್ನು ಹೇಳಿದೆ. ಆ ಬೀದಿ ಒಟ್ಟಿಗೆ ಕೊಳ್ಳುತ್ತದೆ, ಒಂದೇ ಟ್ರ್ಯಾಕ್ಟರಿನಲ್ಲಿ ತರುತ್ತದೆ, ಹಂಚಿಕೊಂಡು ಎರಚುತ್ತದೆ. ಹಾಗಿದ್ದ ಮೇಲೆ ನಾವು ಮನೆಯನ್ನು ಅಳತೆಯ ಘಟಕ ಮಾಡಿಕೊಂಡದ್ದೇ ತಪ್ಪು. ಬೀದಿಯೇ ಘಟಕವಾಗಬೇಕು. ಬೀದಿ ಕೊಂಡ ಒಟ್ಟು ಯೂರಿಯಾವನ್ನು ಬೀದಿಯ ಒಟ್ಟು ಜೋಳದ ಎಕರೆಗೆ ಭಾಗಿಸಿದರೆ ಅಂಕಿ ಸರಿಯಾಗುತ್ತದೆ, ಮನುಷ್ಯರ ಹೆಸರೇ ಬೇಕಾಗುವುದಿಲ್ಲ.

“ಈ ಒಂದು ಬೀದಿಗೆ ಮಾತ್ರ ಹಾಗೆ ಮಾಡಿದರೆ ಬೆರಳು ತೋರಿಸಿದ ಹಾಗಾಗುತ್ತೆ,” ಎಂದರು ಅವರು.

“ಅದಕ್ಕೇ ನಾಲ್ಕು ತಾಲ್ಲೂಕಿಗೂ ಮಾಡಬೇಕು.”

“ಏಳು ದಿನದಲ್ಲಿ?”

ಅವರು ಕಿಟಕಿಯಾಚೆ ನೋಡುತ್ತ ಕೂತರು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು. ಕೊನೆಗೆ, “ಕೊಂಡಿದ್ದೆಲ್ಲ ಹೊಲಕ್ಕೇ ಹೋಗಿದೆ ಅಂತ ತೋರಿಸಬೇಕಲ್ಲ. ಬೀದಿ ಹೆಸರಲ್ಲಿ ಬರೆದರೂ ಸಮಿತಿ ಅದನ್ನೇ ಕೇಳುತ್ತೆ. ಪ್ರೂಫ್ ತನ್ನಿ. ಮಿಕ್ಕಿದ್ದು ನಾವು ಮಾಡ್ತೀವಿ,” ಎಂದರು. ಮಿಕ್ಕ ಮೂವರು ಅಂದೇ ಹೊಳೆನರಸೀಪುರಕ್ಕೆ, ಸಾಲಗಾಮೆಗೆ, ಬಾಗೂರಿಗೆ ಹೊರಟರು.

ಮೂರು ತಿಂಗಳ ಹಿಂದೆ ಮಣ್ಣಿಗೆ ಬಿದ್ದು ಕರಗಿದ ಗೊಬ್ಬರಕ್ಕೆ ಎಲ್ಲಿಯ ಸಾಕ್ಷಿ? ಮತ್ತೆ ಆ ಬೀದಿಗೆ ಹೋದೆ. ಕೊಯ್ಲಿನ ಕಾಲ. ಮನೆಗಳ ಮುಂದೆಲ್ಲ ಜೋಳದ ತೆನೆ ಹರವಿದ್ದರು. ಮೋಡ ಕಂಡಿತೆಂದು ಜನ ತೆನೆಗಳನ್ನು ಗುಡ್ಡೆ ಮಾಡಿ, ಮಳೆ ತಾಗದಂತೆ ತಾಟು ಹೊದಿಸುತ್ತಿದ್ದರು. ಹಾಗೆ ಎಳೆದ ತಾಟೊಂದನ್ನು ನೋಡಿದೆ. ಖಾಲಿ ಯೂರಿಯಾ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಜೋಡಿಸಿ ಹೊಲಿದ ತಾಟು. ಪಕ್ಕದ ಮನೆಯದೂ ಹಾಗೆಯೇ. ಎಲ್ಲ ಮನೆಯದೂ ಹಾಗೆಯೇ.

“ಇದನ್ನ ಹೊಲಿದವರು ಯಾರು?” ಎಂದು ಜಗಲಿಯ ಕೆಳಗೆ ನಿಂತು ಕೇಳಿದೆ.

“ಇನ್ಯಾರು? ನಾನೇಯ. ಅದ್ನೂ ಬರ್ಕಳಿ, ಅದಕ್ಕೊಂದ್ ಕೇಸ್ ಆಕ್ಲಿ,” ಎಂದಳು ಹೊಲಿಗೆಯವಳು.

“ಈ ವರ್ಷದ ಚೀಲ ಯಾವುದು, ಹಳೇದು ಯಾವುದು ಅಂತ ಹೇಳೋಕಾಗುತ್ತಾ?”

ಆಕೆ ನನ್ನನ್ನು ಮಳ್ಳನನ್ನು ನೋಡುವಂತೆ ನೋಡಿದಳು. “ದಾರ ನೋಡಿ ಸಾ. ಎಲ್ಡ್ ವರ್ಸ ಗ್ಯಾರಂಟಿ ಕೊಡ್ತೀನಿ ನಾನು. ಹಳೆ ತಾಟ ತಂದು ನಿನ್ನೆ ಒಲ್ದಿದ್ದು ಕಿತ್ತೋಯ್ತು ಅಂತ ಜಗಳಕ್ ಬತ್ತವೆ ಇವು. ಅದ್ಕೇ ವರ್ಸಕ್ಕೊಂದ್ ಬಣ್ಣದ ದಾರ. ಈ ವರ್ಸ ಅಸ್ರು.”

ಕೆಳಗಿದ್ದ ರೈತನೊಬ್ಬ, “ಗ್ಯಾರಂಟಿ ಕಂಪ್ನಿ ಕಣ್ಸಾ ಇದು, ಇಂಜಿನ್ ಒಂದ್ ಇಲ್ಲ ಅಷ್ಟೇಯ,” ಎಂದ. ಯಾರೋ ನಕ್ಕರು. ಆಕೆ ನಗಲಿಲ್ಲ.

ಎರಡು ದಿನ ಇಪ್ಪತ್ತಾರು ಅಂಗಳಗಳಲ್ಲಿ ಹಸಿರು ದಾರದ ಚೀಲಗಳನ್ನು ಎಣಿಸಿದೆ. ಮಂಡಿಯೂರಿ, ತೆನೆ ಸರಿಸಿ, ಪ್ರತಿ ತಾಟಿನ ಫೋಟೋ ತೆಗೆದು, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಜೊತೆಗೆ ಪ್ರತಿ ಮನೆಯ ಜೋಳದ ಹೊಲವನ್ನು ಅಳೆದು ಬರೆದೆ. ಎಪ್ಪತ್ತೊಂಬತ್ತು ಚೀಲ ಸಿಕ್ಕವು. ಇನ್ನೊಂದು ಮಳೆ ತಡೆಯುವ ಗೊಪ್ಪೆಯಾಗಿ ಯಾರದೋ ತಲೆಯ ಮೇಲೆ ಹೊಲಕ್ಕೆ ಹೋಗಿತ್ತು. ಮತ್ತೊಂದನ್ನು ಇಲಿ ತಿಂದು ಅಂಚು ಮಾತ್ರ ಉಳಿಸಿತ್ತು. ಒಟ್ಟು ಎಂಬತ್ತೊಂದು. ಜಗಲಿಯ ಮೇಲೆ ಕೂತು, ಯಂತ್ರ ಹೇಳಿದ ಕಿಲೋವನ್ನು ಮೂಟೆಗೆ ಐವತ್ತರಂತೆ ಭಾಗಿಸಿದೆ. ಹತ್ತಿರ ಹತ್ತಿರ ಎಪ್ಪತ್ತಮೂರು ಬಂತು. ಮತ್ತೆ ಮಾಡಿದೆ. ಎಪ್ಪತ್ತಮೂರು.

ಅಂದರೆ ಈ ಬೀದಿಯಲ್ಲಿ ಎಂಟು ಮೂಟೆ ಹೆಚ್ಚಿಗೆ ಇದೆ. ಯಂತ್ರಕ್ಕೆ ಗೊತ್ತಿಲ್ಲದ ಎಂಟು ಮೂಟೆ. ಎಲ್ಲಿಂದ ಬಂದವು? ಆಕೆಯನ್ನು ಬಿಡಿಸಲು ಬಂದವನು ಕಳ್ಳಮಾಲಿನ ಪುರಾವೆಯನ್ನು ಫೋಟೋ ಸಮೇತ ತಯಾರಿಸಿದ್ದೆ. ಪುಸ್ತಕ ಮುಚ್ಚಿದೆ. ತೆರೆದೆ. ನೀರು ಕೇಳಿದೆ.

ಆಕೆ ಚೊಂಬು ತಂದಿಟ್ಟು, “ಯಾಕ್ ಸಾ, ಮಖ ಇಂಗಾಗದೆ? ಏನ್ ಬಂತು?” ಎಂದಳು.

“ಮೂಟೆ ಐವತ್ತು ಕಿಲೋ ತಾನೇ?” ಎಂದೆ, ಸುಮ್ಮನೆ.

“ಯಾವ್ ಕಾಲ್ದಲ್ಲಿದ್ದೀರಿ ಸಾ? ನಲ್ವತ್ತೈದು.” ಆಕೆ ಪಕ್ಕದ ತಾಟನ್ನು ಎಳೆದು ಅಚ್ಚನ್ನು ತೋರಿಸಿದಳು. “ನೋಡಿ, ಇಲ್ಲೇ ಬರ್ದದೆ. ಈ ಅಕ್ಸರ ನೆಟ್ಟಗೆ ಬರ್ಲಿ ಅಂತ ಸರಿ ಮಾಡಿ ಒಲಿತೀನಿ ನಾನು.”

ಯೂರಿಯಾ ಮೂಟೆ ನಲವತ್ತೈದಕ್ಕೆ ಇಳಿದು ವರ್ಷಗಳಾಗಿವೆ. ಇದು ನನ್ನ ತಲೆಗೆ ಗೊತ್ತಿತ್ತು. ಕೈ ಮಾತ್ರ ನನ್ನ ಕಾಲದ ಐವತ್ತನ್ನೇ ಬರೆಯುತ್ತಿತ್ತು. ಎಂಬತ್ತೊಂದನ್ನು ನಲವತ್ತೈದರಿಂದ ಗುಣಿಸಿದೆ. ಮೂರು ಸಾವಿರದ ಆರುನೂರ ನಲವತ್ತೈದು. ಕಿಲೋ ಒಂದು ಆಚೆಯಿಲ್ಲ, ಈಚೆಯಿಲ್ಲ. ಆ ಬೀದಿಯ ಮೂವತ್ತಮೂರು ಎಕರೆಗೆ ಹಂಚಿದರೆ ಎಕರೆಗೆ ಎರಡೂವರೆ ಮೂಟೆ. ರೈತರು ಮೊದಲ ದಿನವೇ ಹೇಳಿದ್ದ ‘ಒಂದೆರಡು’ ಅದಕ್ಕೇನೂ ದೂರವಿರಲಿಲ್ಲ.

ಒಂಬತ್ತನೆಯ ದಿನ ನಾಲ್ಕು ತಾಲ್ಲೂಕಿನ ಪಟ್ಟಿಯೂ ಬೀದಿಗಳ ಲೆಕ್ಕದಲ್ಲಿ ಹೋಯಿತು. ಜೊತೆಗೆ ಚೀಲಗಳ ಲೆಕ್ಕ, ಫೋಟೋಗಳು, ನನ್ನ ಪತ್ರ. ಕೊಂಡ ಕೈಯೇ ಎರಚಿದ ಕೈ ಎಂದು ಭಾವಿಸಿದ್ದು ಪರಿಶೀಲಕನ ತಪ್ಪು. ಸೊನ್ನೆಗಳನ್ನು ಅಳಿಸಿದ್ದು ಪರಿಶೀಲಕನ ತಪ್ಪು. ಹಿಂದಿನ ಪಟ್ಟಿಯಲ್ಲಿರುವ ಯಾವ ಹೆಸರಿಗೂ ಈ ತಪ್ಪಿನಲ್ಲಿ ಪಾಲಿಲ್ಲ. ಆ ಪಟ್ಟಿಯನ್ನು ವಾಪಸು ಪಡೆಯಲಾಗಿದೆ, ಅಳಿಸತಕ್ಕದ್ದು. “ಇಷ್ಟೊಂದು ತಪ್ಪು ಒಪ್ಕೋಬೇಕಾ ಸರ್?” ಎಂದು ಮುಖ್ಯಸ್ಥೆ ಕೇಳಿದರು. ಇನ್ನೂ ಒಂದು ಇತ್ತು, ಐವತ್ತು ಕಿಲೋದ್ದು. ಅದನ್ನು ಕಚೇರಿಯ ಒಳಗೇ ಇಟ್ಟುಕೊಂಡಿದ್ದೆವು.

ಎರಡು ವಾರ ಫೋನು ಹೊಡೆದುಕೊಂಡಾಗಲೆಲ್ಲ ಎದೆ ಹೊಡೆದುಕೊಂಡಿತು. ಆಮೇಲೆ ಒಂದು ಸಾಲಿನ ಉತ್ತರ ಬಂತು. ಹೊಸ ಪಟ್ಟಿಯನ್ನು ಸ್ವೀಕರಿಸಲಾಗಿದೆ. ಹಳೆಯ ಪಟ್ಟಿಯನ್ನು ಅಳಿಸಿದರೋ ಇಲ್ಲವೋ, ಅದರಲ್ಲಿ ಇರಲಿಲ್ಲ. ಕೇಳಿ ಬರೆದೆ. ಉತ್ತರ ಇಲ್ಲ. ಮತ್ತೆ ಬರೆದೆ. ಇಲ್ಲ.

ಮುಂದಿನ ಹಂಗಾಮಿನಲ್ಲಿ ಜೋಳ ಮೊಣಕಾಲುದ್ದ ಬಂದಾಗ, ಯಾರೂ ಕಳಿಸದಿದ್ದರೂ ಆ ಗೊಬ್ಬರದಂಗಡಿಗೆ ಹೋದೆ. ಬೀದಿಯ ಜನ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹೊಲಿಗೆಯವಳು ನನ್ನನ್ನು ಕಂಡು ಬಂದಳು.

“ನನ್ ಎಸ್ರು ತೆಗೆದ್ರಾ ಸಾ?”

“ನಮ್ಮದರಿಂದ ತೆಗೆದೆವು.”

“ಅವರ್ದ್ರಿಂದ?”

“ಗೊತ್ತಿಲ್ಲಮ್ಮ.”

ಸುಳ್ಳು ಹೇಳಬಹುದಾಗಿತ್ತು. ಆಕೆ ಯಂತ್ರದ ಕಡೆ ತಿರುಗಿದಳು. ಹಿಂದೆ ಯಾರೋ, “ಬ್ಯಾಡ ಬುಡಕ್ಕ, ನಾವೇ ಏನಾರ ಮಾಡ್ಕತೀವಿ,” ಎಂದರು.

“ಏನ್ ಮಾಡ್ಕತೀಯ್ಲಾ? ಜ್ವಾಳ ನಿಂತು ಕೇಳ್ತದಾ?” ಎಂದು ಆಕೆ ಮುಂದೆ ಹೋಗಿ ಹೆಬ್ಬೆರಳನ್ನು ಗಾಜಿನ ಮೇಲಿಟ್ಟಳು. ಯಂತ್ರ ಯೋಚಿಸಿತು. ಅಂಗಡಿಯವರು, ಬೀದಿಯವರು, ನಾನು, ಎಲ್ಲರೂ ದೀಪವನ್ನೇ ನೋಡಿದೆವು. ಹಸಿರು ದೀಪ ಬಂತು. ಚೀಟಿ ಕಿರುಗುಟ್ಟುತ್ತ ಹೊರಬಂತು.

ಆಕೆ ಅದನ್ನು ಹರಿದು, ಓದದೆ, ನನ್ನ ಕೈಗೆ ಕೊಟ್ಟಳು. “ಇದ ನೀವೇ ಮಡಿಕ್ಕಳಿ. ಯಾರಾರ ಬಂದ್ರೆ ನಿಮ್ಮತ್ರ ಕಳುಸ್ತೀನಿ.”

ಆ ಚೀಟಿಯ ಅಕ್ಷರ ಕೆಲವು ತಿಂಗಳಲ್ಲಿ ತಾನಾಗಿ ಮಾಸಿಹೋಗುತ್ತದೆ ಎಂದು ಅಂಗಡಿಯವರು ಹೇಳಿದರು. ಹಾಸನಕ್ಕೆ ಬಂದವನೇ ಬಸ್ ನಿಲ್ದಾಣದ ಎದುರು ಅದಕ್ಕೊಂದು ಜೆರಾಕ್ಸ್ ಮಾಡಿಸಿ, ಹಿಂಬದಿಯಲ್ಲಿ ನನ್ನ ಹೆಸರು, ವಿಳಾಸ ಬರೆದು ರುಜು ಹಾಕಿದೆ. ಇದುವರೆಗೆ ಯಾರೂ ಬಂದಿಲ್ಲ. ನಮ್ಮ ಮನೆಯ ಬೀದಿಯಲ್ಲಿ ಜೀಪಿನ ಸದ್ದಾದರೆ, ಅದು ಯಾರ ಮನೆ ಮುಂದೆ ನಿಲ್ಲುತ್ತದೆ ಎಂದು ಈಗಲೂ ಎದ್ದು ನೋಡುತ್ತೇನೆ.